ನಾಟಕಕ್ಕಲ್ಲ, ಥಿಯೇಟರ್‌ನವ್ರ ಸರ್ವಿಸ್‌ಗೆ ಈ ರಿವ್ಯೂ (5ಕ್ಕೆ 4)

ನಾಟಕ ಚೆನ್ನಾಗಿತ್ತು, ಅದ್ರ ಬಗ್ಗೆ ಬೇರೆಯವ್ರು ಬರೆದಿದಾರೆ. ನಾನು ಬರೀತಿರೋದು ಥಿಯೇಟರ್‌ನವ್ರು ಪ್ರೇಕ್ಷಕರಿಗೆ ಕೊಡೋ ಸೌಲಭ್ಯದ ಬಗ್ಗೆ. ನಮ್ಮತ್ತೆಗೆ ನಾಟಕ ಅಂದ್ರೆ ಪ್ರಾಣ, ಆದ್ರೆ ಕಿವಿ ಮಂದ ಆದ್ಮೇಲೆ ಹೋಗೋದನ್ನೇ ಬಿಟ್ಬಿಟ್ಟಿದ್ರು, ಕರೆದ್ರೆ "ನಂಗ್ಯಾಕಮ್ಮ, ನೀವು ಹೋಗ್ಬನ್ನಿ" ಅಂತಿದ್ರು. ಮನೇಲೆಲ್ಲಾ ಅವ್ರಿಗೆ ಆಸಕ್ತಿ ಹೋಗಿದೆ ಅಂದ್ಕೊಂಡಿದ್ರು. ಆಸಕ್ತಿ ಎಲ್ಲೂ ಹೋಗಿರ್ಲಿಲ್ಲ, ಎಲ್ರೂ ನಗುವಾಗ ತಾನೊಬ್ಬಳೇ ಸುಮ್ನೆ ಕೂತಿರ್ಬೇಕಲ್ಲ ಅನ್ನೋ ಸಂಕಟ ಅಷ್ಟೇ.

ಈ ಥಿಯೇಟರ್‌ನವ್ರು ಕೆಲವು ಶೋಗಳಿಗೆ ಕ್ಯಾಪ್ಶನ್ ಹಾಕ್ತಾರೆ, ಸ್ಟೇಜ್ ಪಕ್ಕ ಒಂದು ಉದ್ದನೆ ಬೋರ್ಡ್ ಇಟ್ಟಿರ್ತಾರೆ, ಪಾತ್ರದ ಹೆಸರು, ಮಾತು, ಜೊತೆಗೆ "ದೂರದಲ್ಲಿ ಬಾಗಿಲು ಬಡಿದ ಸದ್ದು" ಅನ್ನೋ ಥರದ್ದೂ ಬರುತ್ತೆ. ಒಪೆರಾ (ಮಾತಿನ ಬದ್ಲು ಹಾಡಲ್ಲೇ ನಡೆಯೋ ನಾಟಕ) ಕಡೆ ಇದು ಹೊಸದೇನಲ್ಲ, ಟೊರಾಂಟೊದಲ್ಲಿ ಕೆನೇಡಿಯನ್ ಒಪೆರಾ ಕಂಪನಿಯವ್ರು 1983ರಲ್ಲೇ ಸ್ಟೇಜ್ ಮೇಲ್ಗಡೆ ಅನುವಾದದ ಸಾಲು ತೋರ್ಸೋಕೆ ಶುರು ಮಾಡಿದ್ರು, ಭಾಷೆ ಬರದವ್ರೂ ಧೈರ್ಯವಾಗಿ ಒಪೆರಾಗೆ ಹೋಗೋ ಹಾಗಾಯ್ತು. ಆದ್ರೆ ಸೌಲಭ್ಯ ಇದ್ರೆ ಸಾಲ್ದು, ಅದು ಕೆಲಸಕ್ಕೆ ಬರ್ಬೇಕಾದ್ರೆ ಎಲ್ಲಿ ಕೂರ್ತೀವಿ ಅನ್ನೋದು ಬಹಳ ಮುಖ್ಯ. ಮುಂದಿನ ಸಾಲಲ್ಲಿ ಕೂತ್ರೆ ಬೋರ್ಡಿಗೂ ನಟರಿಗೂ ಮಧ್ಯೆ ಕತ್ತು ಆ ಕಡೆ ಈ ಕಡೆ ತಿರುಗಿಸ್ತಾನೇ ಇರ್ಬೇಕು, ತೀರಾ ಹಿಂದೆ ಹೋದ್ರೆ ಅಕ್ಷರ ಕಾಣಲ್ಲ.

ನಾನು ಫೋನ್ ಮಾಡಿ ಕೇಳ್ದೆ. ಎತ್ತಿದ ಹುಡುಗಿ ಮೊದ್ಲು ಕೇಳಿದ್ದೇ "ಮೇಡಂ, ಅವ್ರು ಓದೋದಕ್ಕೆ ಕನ್ನಡಕ ಹಾಕ್ತಾರಾ, ದೂರದ್ದಕ್ಕಾ?" ಅಂತ. ಆಮೇಲೆ "ಮೂರನೇ ಸಾಲು ಖಾಲಿ ಇದೆ, ಆದ್ರೂ ಬೇಡ, ಎಂಟನೇ ಸಾಲಿನ ಎಡಗಡೆ ತಗೊಳ್ಳಿ, ಅಲ್ಲಿಂದ ಬೋರ್ಡೂ ಸ್ಟೇಜೂ ಒಂದೇ ನೋಟಕ್ಕೆ ಸಿಗುತ್ತೆ" ಅಂದ್ಲು. ಮೆಟ್ಟಿಲು ಎಷ್ಟಿದೆ, ಹಿಡ್ಕೊಳ್ಳೋಕೆ ಕಂಬಿ ಇದ್ಯಾ, ಇಂಟರ್ವಲ್ ಎಷ್ಟೊತ್ತು, ಟಾಯ್ಲೆಟ್ ಯಾವ ಕಡೆ, ಶೋ ಎಷ್ಟೊತ್ತಿಗೆ ಬಿಡುತ್ತೆ ಎಲ್ಲಾ ಹೇಳಿದ್ಲು. ನಾನು ಆ ನಾಲ್ಕು ಮಾತನ್ನ ಅತ್ತೆಗೆ ಹಾಗೇ ಒಪ್ಸಿದ್ಮೇಲೆನೇ ಅವ್ರು "ಹೋಗೋಣ ಬಿಡು" ಅಂದಿದ್ದು. ಅವತ್ತು ಹಾಲಲ್ಲಿ ಅವ್ರು ಎಲ್ರ ಜೊತೆ ನಕ್ಕಿದ್ದು ನೋಡಿ ನಂಗೆ ಕಣ್ಣು ತುಂಬ್ತು. ಒಂದೆರಡು ಕಡೆ ನಟ ಬಾಯಿ ಬಿಡೋಕೆ ಮೊದ್ಲೇ ಬೋರ್ಡಲ್ಲಿ ಮಾತು ಬಂದ್ಬಿಡ್ತು, ಅತ್ತೆ ಒಂದು ಕ್ಷಣ ಮುಂಚೆನೇ ನಕ್ರು, ಇದನ್ನ ಅವ್ರು ಸರಿಮಾಡ್ಕೋಬೇಕು, ತಮಾಷೆ ಮಾತಿಗೆ ಟೈಮಿಂಗೇ ಜೀವ.

ಟಿಕೆಟ್ ವಿಷ್ಯಕ್ಕೆ ಬಂದ್ರೆ, ಕೆಲವು ಶೋಗಳಿಗೆ ನಿಮ್ಮ ಕೈಲಾದಷ್ಟು ಕೊಡಿ ಅನ್ನೋ ವ್ಯವಸ್ಥೆ ಇದೆ, ಯಾಕೆ ಏನು ಅಂತ ಯಾರೂ ಕೇಳಲ್ಲ, ಯಾವ ಪ್ರಮಾಣಪತ್ರನೂ ತೋರಿಸ್ಬೇಕಿಲ್ಲ, ಇದು ನಿಜಕ್ಕೂ ದೊಡ್ಡ ಮನಸ್ಸು. ಆದ್ರೆ ಜನ ಬರ್ತಿಲ್ಲ ಅಂದ ತಕ್ಷಣ ರೇಟ್ ಇಳಿಸೋದೊಂದೇ ದಾರಿ ಅಂತ ತುಂಬಾ ಕಡೆ ಅಂದ್ಕೊಂಡಿದಾರೆ, ಅದು ಅರ್ಧ ಸತ್ಯ. ಬ್ರಿಟನ್‌ನಲ್ಲಿ 2001ರ ಡಿಸೆಂಬರ್‌ನಿಂದ ರಾಷ್ಟ್ರೀಯ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ ಮಾಡಿದ್ರು, ಬರೋರ ಸಂಖ್ಯೆ ಜೋರಾಗಿ ಏರ್ತು, ಆದ್ರೆ ಎಂಥ ಹಿನ್ನೆಲೆಯವ್ರು ಬರ್ತಾರೆ ಅನ್ನೋದು ಅಷ್ಟೇನೂ ಬದಲಾಗ್ಲಿಲ್ಲ. ಅಮೆರಿಕದಲ್ಲಿ ಕಲೆಗೆ ನೆರವು ಕೊಡೋ ಸರ್ಕಾರಿ ಸಂಸ್ಥೆ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್‌ನವ್ರು 2015ರಲ್ಲಿ ಒಂದು ವರದಿ ತಂದ್ರು, ಒಂದು ನಿರ್ದಿಷ್ಟ ಪ್ರದರ್ಶನಕ್ಕೋ ಎಕ್ಸಿಬಿಷನ್‌ಗೋ ಹೋಗ್ಬೇಕು ಅಂತ ಮನಸ್ಸಿದ್ದೂ ಹೋಗದೇ ಉಳಿದವ್ರು ಆ ದೇಶದಲ್ಲಿ ಸುಮಾರು 3.1 ಕೋಟಿ ಅಂತ ಅಂದಾಜು. ಯಾಕೆ ಹೋಗ್ಲಿಲ್ಲ ಅಂದ್ರೆ ಟೈಮಿಲ್ಲ ಅಂದೋರು 47%, ಖರ್ಚು ಅಂದೋರು 38%, ಅಲ್ಲಿಗೆ ಹೋಗೋದೇ ಕಷ್ಟ ಅಂದೋರು 37%, ಜೊತೆಗೆ ಬರೋರಿಲ್ಲ ಅಂದೋರು 22%. ಖರ್ಚಿಗೂ ಹೋಗ್ಬರೋ ಕಷ್ಟಕ್ಕೂ ಇರೋ ವ್ಯತ್ಯಾಸ ಬರೀ ಒಂದು ನೋಡಿ! ಟಿಕೆಟ್ ರೇಟ್ ಬಗ್ಗೆ ಮೀಟಿಂಗ್ ಮೇಲೆ ಮೀಟಿಂಗ್ ಮಾಡೋರು, ಶೋ ಬಿಟ್ಮೇಲೆ ಜನ ಮನೆಗೆ ಹೇಗೆ ಹೋಗ್ತಾರೆ ಅಂತ ಒಂದ್ಸಲನಾದ್ರೂ ಯೋಚಿಸ್ಬೇಕು ಅಲ್ವಾ.

ಆ ಕೊನೇ 22% ನಂಗೆ ತುಂಬಾ ಕಾಡುತ್ತೆ. ಒಬ್ರೇ ಹೋಗೋಕೆ ಹಿಂಜರಿಯೋರು ಎಷ್ಟು ಜನ ಇರ್ತಾರೆ, ಗಂಡ ತೀರ್ಕೊಂಡವ್ರು, ಹೊಸ ಊರಿಗೆ ಬಂದವ್ರು. ಅಂಥವ್ರಿಗೆ ಈ ಥಿಯೇಟರಲ್ಲಿ ಏನೂ ಇಲ್ಲ. ಒಂಟಿಯಾಗಿ ಬರೋರಿಗೆ ಅಂತ ಒಂದು ಶೋ ಇಟ್ಟು, ಮುಂಚೆ ಹದಿನೈದು ನಿಮಿಷ ಯಾರಾದ್ರೂ ಕೂತು ಮಾತಾಡ್ಸೋ ಹಾಗೆ ಮಾಡಿದ್ರೂ ಸಾಕು, ಅದಕ್ಕೇನು ದುಡ್ಡು ಸುರೀಬೇಕಿಲ್ಲ.

ಒಂದು ಮಾರ್ಕ್ ಕಮ್ಮಿ ಕೊಟ್ಟಿರೋದು ಮುಖ್ಯವಾಗಿ ವೆಬ್‌ಸೈಟಿಗೆ. ಫೋನಲ್ಲಿ ಆ ಹುಡುಗಿ ಹೇಳಿದ ಅಷ್ಟೂ ವಿಷ್ಯದಲ್ಲಿ ಒಂದೂ ಶೋ ಪುಟದಲ್ಲಿ ಇಲ್ಲ, ಎಲ್ಲೋ ಕೆಳಗಡೆ ಸಣ್ಣಕ್ಷರದ ಲಿಂಕ್ ಹುಡುಕಿ ಒಳಗೆ ಹೋದ್ರೂ ಅರ್ಧಂಬರ್ಧ ಮಾಹಿತಿ. ಫೋನ್ ಮಾಡೋಕೆ ಸಂಕೋಚ ಪಡೋರು ಅಲ್ಲೇ ನಿಂತ್ಬಿಡ್ತಾರೆ, ಮತ್ತೆ ಹಾಗೆ ನಿಂತವ್ರ ಲೆಕ್ಕ ಥಿಯೇಟರ್‌ನವ್ರ ಹತ್ರ ಯಾವತ್ತೂ ಇರಲ್ಲ, ಯಾಕಂದ್ರೆ ಅವ್ರ ಫೀಡ್‌ಬ್ಯಾಕ್ ಫಾರಂ ತುಂಬೋದು ಬಂದವ್ರು ಮಾತ್ರ. ವ್ಹೀಲ್‌ಚೇರ್ ಜಾಗ ಆನ್‌ಲೈನಲ್ಲಿ ಬುಕ್ಕೇ ಆಗಲ್ಲ, ಇದು ಸರಿಯಲ್ಲ. ಕ್ಯಾಪ್ಶನ್ ಶೋ ಇಡೋದು ಬರೀ ವಾರದ ಮಧ್ಯೆ ಮಧ್ಯಾಹ್ನ, ಕೆಲಸಕ್ಕೆ ಹೋಗೋರಲ್ಲಿ ಕಿವಿ ಕೇಳದವ್ರು ಇರಲ್ವಾ?

ರಿಲ್ಯಾಕ್ಸ್ಡ್ ಶೋ ಕೂಡ ಇದ್ಯಂತೆ, ಹಾಲಲ್ಲಿ ಸ್ವಲ್ಪ ಲೈಟ್ ಬಿಟ್ಟಿರ್ತಾರೆ, ಜೋರು ಸದ್ದು ಕಮ್ಮಿ ಮಾಡ್ತಾರೆ, ಮಕ್ಕಳು ಎದ್ದು ಓಡಾಡಿದ್ರೂ ಕೂಗಿದ್ರೂ ಯಾರೂ ತಿರುಗಿ ನೋಡಲ್ಲ. ನ್ಯೂಯಾರ್ಕಿನ ದೊಡ್ಡ ಥಿಯೇಟರ್‌ಗಳಿರೋ ಬ್ರಾಡ್‌ವೇಲಿ ಆಟಿಸಂ ಇರೋ ಮಕ್ಕಳ ಮನೆಯವ್ರಿಗೋಸ್ಕರ 2011ರಲ್ಲಿ ಇಂಥದ್ದು ಮೊದ್ಲು ಮಾಡಿದ್ರು. ಇಲ್ಲಿ ನಾನು ನೋಡಿಲ್ಲ, ಹೋದವ್ರು ಯಾರಾದ್ರೂ ಇದ್ರೆ ದಯವಿಟ್ಟು ಕೆಳಗೆ ಬರೀರಿ, ನಮ್ಮ ಪಕ್ಕದ ಮನೆಯವ್ರಿಗೆ ಬೇಕಾಗಿದೆ.

ಕ್ಯಾಪ್ಶನ್ ಶೋಗೆ ಹೋಗೋರು ಸೀಟ್ ಆನ್‌ಲೈನಲ್ಲಿ ತಗೋಬೇಡಿ, ಫೋನೇ ಮಾಡಿ, ಬೋರ್ಡ್ ಯಾವ ಕಡೆ ಇಡ್ತಾರೆ ಅಂತ ಕೇಳ್ಕೊಳ್ಳಿ, ಪ್ರತಿ ನಾಟಕಕ್ಕೂ ಅದು ಬದಲಾಗುತ್ತಂತೆ.