ಮೀಟರ್ 17 ತೋರಿಸಿತು, ಸೈಲೆನ್ಸರ್ ಕಪ್ಪು ಹೊಗೆ ಬಿಟ್ಟಿತು

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಕೂಡಿಸಿದ ಎಂಜಿನ್ನನ್ನು, ಗಾಳಿ-ಪೆಟ್ರೋಲ್ ಲೆಕ್ಕ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಇಲ್ಲದೆ ಟ್ಯೂನ್ ಮಾಡಲು ಹೋಗಬೇಡಿ. ಹಾಗಂತ ನಾನು ತರಿಸಿದ ಮೀಟರನ್ನೇ ತರಿಸಿ ಅಂತಲೂ ಹೇಳಲಾರೆ. 5ಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಅರ್ಧ ನನ್ನ ದಡ್ಡತನಕ್ಕೆ ಹೋಗಬೇಕು, ಆದರೂ ಇರಲಿ.

ಗಾಡಿ ಕಾರ್ಬೊರೇಟರಿನ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಹಳೇ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ. ದಾವಣಗೆರೆಯ ಗುಜರಿಯಲ್ಲಿ ಸಿಕ್ಕ ಸ್ವಿಫ್ಟ್ ಡೀಸೆಲ್ಲಿನ ಚಿಕ್ಕ ಟರ್ಬೊ ಅದಕ್ಕೆ ಹಾಕಿದ್ದೇನೆ. ಈ ಹುಚ್ಚು ಹತ್ತಿದ್ದು ಸ್ನೋಮೊಬೈಲ್ ವಿಡಿಯೊ ನೋಡಿ. ಅಮೆರಿಕ, ಕೆನಡಾ ಕಡೆಯವರು ಹಿಮದ ಗಾಡಿಗೆ ಶೆಡ್ಡಿನಲ್ಲೇ ಟರ್ಬೊ ಕಟ್ಟಿಕೊಂಡು ಬೆಟ್ಟ ಹತ್ತಿಸುತ್ತಾರಲ್ಲ, ಅದು. ಅವರಿಗೆ ಅದು ಬರೀ ಶೋಕಿ ಅಲ್ಲ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗಿ, ಸಾವಿರ ಅಡಿಗೆ ಸುಮಾರು 3 ಪರ್ಸೆಂಟ್ ಪವರ್ ಹೋಗುತ್ತದೆ, ಹತ್ತು ಸಾವಿರ ಅಡಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ಏದುಸಿರು ಬಿಡುತ್ತದೆ. ನಮ್ಮೂರಿಗೆ ಅಂಥ ತೊಂದರೆ ಏನಿಲ್ಲ, ನಂದು ಶೋಕಿಯೇ.

ಒಂದು ಮಾತು, ಇದು ರಸ್ತೆಗೆ ಇಳಿಯುವ ಗಾಡಿ ಅಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಹೀಗೆ ಬದಲಾಯಿಸಿದ ಗಾಡಿ ರೋಡಿನಲ್ಲಿ ಓಡಿಸುವಂತಿಲ್ಲ. ಗೆಳೆಯನ ಚಿಕ್ಕಪ್ಪನ ಜಮೀನು ಹರಿಹರದ ಕಡೆ ಇದೆ, ಭತ್ತ ಕೊಯ್ದ ಮೇಲೆ ಅಲ್ಲಿ ಅರ್ಧ ಕಿಲೋಮೀಟರ್ ಮಣ್ಣಿನ ದಾರಿ ಖಾಲಿ ಬಿದ್ದಿರುತ್ತದೆ. ಟೆಸ್ಟಿಂಗ್ ಎಲ್ಲಾ ಅಲ್ಲೇ. ಧೂಳು ಕೇಳಬೇಡಿ.

ಮೀಟರ್ ಏನು ಮಾಡುತ್ತದೆ ಅಂದರೆ, ಸೈಲೆನ್ಸರ್ ಪೈಪಿಗೆ ಕೂಡಿಸಿದ ಸೆನ್ಸರ್ ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡಿ, ಗಾಳಿ ಮತ್ತು ಪೆಟ್ರೋಲ್ ಯಾವ ಲೆಕ್ಕದಲ್ಲಿ ಸೇರಿತ್ತು ಅನ್ನುವ ನಂಬರ್ ಕೊಡುತ್ತದೆ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ನಂಬರ್ ಅದಕ್ಕಿಂತ ಜಾಸ್ತಿ ಬಂದರೆ ಲೀನ್, ಅಂದರೆ ಪೆಟ್ರೋಲ್ ಸಾಲದು; ಕಡಿಮೆ ಬಂದರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಕಾರುಗಳಲ್ಲಿ ಕಂಪನಿಯಿಂದಲೇ ಬರುವ ಸಾಮಾನ್ಯ ಸೆನ್ಸರ್ ಲೀನೋ ರಿಚ್ಚೋ ಅಷ್ಟೇ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ವೈಡ್‌ಬ್ಯಾಂಡ್ ಎಷ್ಟು ಅನ್ನುವುದನ್ನೂ ಹೇಳುತ್ತದೆ. ಟರ್ಬೊ ಒತ್ತುವಾಗ 11.5ರಿಂದ 12ರ ಒಳಗೆ ಇಟ್ಟುಕೊಳ್ಳಬೇಕು. ಆ ಹೊತ್ತಲ್ಲಿ 14 ಬಂತು ಅಂದರೆ ಪಿಸ್ಟನ್ ಕರಗುವ ದಾರಿಯಲ್ಲಿದ್ದೀರಿ.

ನಾನು ಆನ್‌ಲೈನಿನಲ್ಲಿ ತರಿಸಿದ್ದು ಹನ್ನೊಂದು ಸಾವಿರ ಚಿಲ್ಲರೆಯದು, ಜೊತೆಗೆ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್. ಕಂಪನಿ ಹೆಸರು ಬೇಡ. ಡಬ್ಬಿ ಚೆನ್ನಾಗಿದೆ, ಡಿಸ್‌ಪ್ಲೇ ರಾತ್ರಿ ಹೊತ್ತು ಸ್ಪಷ್ಟ, ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಕಪ್ಪು ರಟ್ಟು ಕತ್ತರಿಸಿ ಟೋಪಿ ಮಾಡಿ ಅಂಟಿಸಿದೆ. ಸೆನ್ಸರ್ ವೈರ್ ಗಿಡ್ಡ. ಕೈಪಿಡಿ ಅಂತ ಕೊಟ್ಟಿದ್ದು ಬಸ್ ಟಿಕೆಟ್ ಹಾಗೆ ಮಡಿಸಿದ ಒಂದೇ ಹಾಳೆ.

ಆ ಹಾಳೆಯ ಮೇಲೆ ನನಗೆ ಇನ್ನೂ ಸಿಟ್ಟಿದೆ. ಈ ಸೆನ್ಸರಿನ ಒಳಗೆ ಒಂದು ಹೀಟರ್ ಇರುತ್ತದೆ. ಅದು ಬಿಸಿಯಾಗಿ ಇರುವಷ್ಟು ಹೊತ್ತು ಮಾತ್ರ ಸೆನ್ಸರ್ ತನ್ನ ಮೇಲೆ ಕೂತ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಕರೆಂಟ್ ಇಲ್ಲದೆ ತಣ್ಣಗಿರುವ ಸೆನ್ಸರ್ ಪೈಪಿನಲ್ಲಿ ಇಟ್ಟುಕೊಂಡು ಎಂಜಿನ್ ಓಡಿಸಿದರೆ ಅದರ ಕಥೆ ಮುಗಿಯಿತು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು, ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ. ನಂದು ಫ್ಯೂಸ್ ಹೋಗಿತ್ತು, ನಾನು ಮೀಟರ್ ಆಫ್ ಇದ್ದರೆ ಏನಂತೆ ಅಂದುಕೊಂಡು ಎರಡು ದಿನ ಓಡಿಸಿದೆ. ಹನ್ನೊಂದನೇ ದಿನಕ್ಕೆ ಸೆನ್ಸರ್ ಸತ್ತಿತು. ಮಾರಿದವರಿಗೆ ಮೂರು ಮೇಲ್ ಹಾಕಿದೆ, ಒಂದಕ್ಕೂ ಉತ್ತರ ಬರಲಿಲ್ಲ. ಹೊಸ ಸೆನ್ಸರಿಗೆ ಸುಮಾರು 6 ಸಾವಿರ ಹೋಯಿತು.

ಸೆನ್ಸರ್ ಕೂಡಿಸುವ ನಟ್ಟನ್ನು ಹರಿಹರದ ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಎಂ18, 1.5 ಪಿಚ್ ಥ್ರೆಡ್. ಅವರ ಲೇತ್ ಹರಿಹರದ್ದೇ ಮೈಸೂರು ಕಿರ್ಲೋಸ್ಕರ್, ಫ್ಯಾಕ್ಟರಿ ಮುಚ್ಚಿದರೂ ಮೆಷೀನು ಗಟ್ಟಿಯಾಗಿದೆ. ಅಲ್ಲಿ ಮಾಡಿದ ಕೆಲಸಕ್ಕೆ ನನ್ನದು 5ಕ್ಕೆ 5. ಒಂದೇ ಎಚ್ಚರ: ಸೆನ್ಸರ್ ಟರ್ಬೊದಿಂದ ಎರಡಡಿ ಕೆಳಗಿರಲಿ, ಗಡಿಯಾರದ 10 ಗಂಟೆಗೂ 2 ಗಂಟೆಗೂ ನಡುವೆ ಮೇಲ್ಮುಖವಾಗಿರಲಿ. ಕೆಳಮುಖ ಮಾಡಿದರೆ ಪೈಪಿನ ನೀರು ಬಂದು ಬಿಸಿ ಸೆನ್ಸರ್ ಮೇಲೆ ನಿಲ್ಲುತ್ತದೆ, ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದ ಹಾಗೆ.

ಈಗ ಮುಖ್ಯ ಕಥೆಗೆ ಬರೋಣ.

ಮೊದಲ ದಿನ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದೆ. ಪಕ್ಕದಲ್ಲಿ ಗೆಳೆಯನ ತಮ್ಮ ಮೀಟರಿನ ವಿಡಿಯೊ ಹಿಡಿಯುತ್ತಿದ್ದ. ಬೂಸ್ಟ್, ಅಂದರೆ ಟರ್ಬೊ ಗಾಳಿಯ ಒತ್ತಡ, 4 ಪಿಎಸ್‌ಐ ಮುಟ್ಟುತ್ತಿದ್ದಂತೆ 12ರಲ್ಲಿದ್ದ ನಂಬರ್ ಸರಸರ ಏರಿ 14.5 ಆಯಿತು. ಕಾಲು ತೆಗೆದೆ. ಇದರ ಕಾರಣ ಮನೆಗೆ ಬಂದು ಯೋಚಿಸಿದ ಮೇಲೆ ಹೊಳೆಯಿತು. ಕಾರ್ಬೊರೇಟರಿನೊಳಗೆ ಟರ್ಬೊ ಗಾಳಿ 4 ಪಿಎಸ್‌ಐ ಒತ್ತುತ್ತಿದೆ, ಹಳೇ ಪೆಟ್ರೋಲ್ ಪಂಪು ಅಷ್ಟು ಒತ್ತಡವನ್ನು ಮೀರಿ ಪೆಟ್ರೋಲ್ ದೂಡುವುದಾದರೂ ಹೇಗೆ? ಎಲೆಕ್ಟ್ರಿಕ್ ಪಂಪು ಹಾಕಿ, ಬೂಸ್ಟ್ ಏರಿದಷ್ಟೇ ಪೆಟ್ರೋಲ್ ಒತ್ತಡವೂ ಏರುವ ಹಾಗೆ ರೆಗ್ಯುಲೇಟರ್ ಕೂಡಿಸಿದೆ, ಸರಿಹೋಯಿತು. ಮೀಟರ್ ಇರದಿದ್ದರೆ ಆ ದಿನವೇ ಎಂಜಿನ್ ಬಿಚ್ಚಬೇಕಾಗುತ್ತಿತ್ತು. ಕೊಟ್ಟ ದುಡ್ಡು ಅಲ್ಲಿಗೆ ವಸೂಲಿ.

ಎರಡನೇ ವಾರ ಇನ್ನೊಂದು ಶುರುವಾಯಿತು. ಮೇಲಿನ ಆರ್‌ಪಿಎಂಗೆ ಹೋದರೆ ಮೀಟರ್ 16, 17 ಅಂತ ಕುಣಿಯುತ್ತದೆ. ಲೀನ್ ಅಂತ ತಿಳಿದು ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹರಿಯುವ ತೂತು, ಅಂದರೆ ಜೆಟ್, ಒಂದು ಸೈಜ್ ದೊಡ್ಡದು ಮಾಡಿದೆ. ಮತ್ತೆ 17. ಇನ್ನೊಂದು ಸೈಜ್. ಪಿಕಪ್ ಸತ್ತೇ ಹೋಯಿತು, ಹಿಂದೆ ನೋಡಿದರೆ ಕಪ್ಪು ಹೊಗೆ, ಮುಂದೆ ಮೀಟರ್ ಪೆಟ್ರೋಲ್ ಸಾಲದು ಅನ್ನುತ್ತಿದೆ. ಇದು ಹೇಗೆ ಸಾಧ್ಯ ಅಂತ ರಾತ್ರಿಯೆಲ್ಲಾ ತಲೆ ಕೆಡಿಸಿಕೊಂಡು ವೈರಿಂಗ್ ಬಿಚ್ಚಿದೆ, ಅರ್ತ್ ಬದಲಿಸಿದೆ, ಮ್ಯಾನಿಫೋಲ್ಡ್ ಲೀಕ್ ಇದೆಯೇನೋ ಅಂತ ಸೋಪು ನೀರು ಹಚ್ಚಿ ನೋಡಿದೆ, ಏನೂ ಸಿಗಲಿಲ್ಲ.

ಕೊನೆಗೆ ನಮ್ಮ ಓಣಿಯ ಮೆಕ್ಯಾನಿಕ್ ಚಾಚಾ ಅವರನ್ನು ಜಮೀನಿಗೆ ಕರೆದುಕೊಂಡು ಹೋದೆ. ಒಂದು ರೌಂಡ್ ಕೂತರು, ಕಿವಿಗೊಟ್ಟು ಕೇಳಿದರು.

"ತಮ್ಮಾ, ಪ್ಲಗ್ ಬಿಚ್ಚಿ ನೋಡಿದ್ಯಾ?"

"ಇಲ್ಲ ಚಾಚಾ, ಮೀಟರ್ ಲೀನ್ ಅಂತಿದೆ."

"ಡಬ್ಬಿ ಮಾತು ಆಮೇಲೆ. ಫಸ್ಟ್ ಪಾನಾ ತಗೊಂಬಾ."

ಬಿಚ್ಚಿದರೆ ಮೂರೂ ಪ್ಲಗ್ ಇದ್ದಿಲು. ಲೀನ್ ಆಗಿದ್ದರೆ ಬೆಳ್ಳಗಿರಬೇಕಿತ್ತು. ಅವರು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ನೋಡಿ ನಕ್ಕರು. ಬೂಸ್ಟ್ ಒತ್ತಡದಲ್ಲಿ ಅಷ್ಟು ಅಗಲದ ಗ್ಯಾಪನ್ನು ಕಿಡಿ ದಾಟುವುದಿಲ್ಲ, ಎಂಜಿನ್ ಮಿಸ್ ಹೊಡೆಯುತ್ತದೆ. ಆಗ ಪೆಟ್ರೋಲೂ ಗಾಳಿಯೂ ಉರಿಯದೆ ಹಾಗೇ ಸೈಲೆನ್ಸರಿಗೆ ಹೋಗುತ್ತವೆ. ಮೀಟರ್ ನೋಡುವುದು ಆಕ್ಸಿಜನ್ ಮಾತ್ರ, ಉರಿಯದೆ ಉಳಿದ ಆಕ್ಸಿಜನ್ ಕಂಡು ಲೀನ್ ಅನ್ನುತ್ತದೆ. ಅದು ಸುಳ್ಳು ಹೇಳಿರಲಿಲ್ಲ, ನಾನು ತಪ್ಪು ಓದಿದ್ದೆ. ಗ್ಯಾಪ್ 0.6 ಮಿಲಿಮೀಟರಿಗೆ ಇಳಿಸಿ, ಹಳೇ ಜೆಟ್ ವಾಪಸ್ ಹಾಕಿದೆವು. 11.7. ನಂಬರ್ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಆ ಸಂಜೆ ಸಾಲಾಗಿ ನಾಲ್ಕು ರೌಂಡ್ ಹೊಡೆದು ಬಾನೆಟ್ ಎತ್ತಿದರೆ ಟರ್ಬೊ ಮಂಡಕ್ಕಿ ಭಟ್ಟಿಯ ಬಾಯಿ ಹಾಗೆ ಕೆಂಪಗಿತ್ತು.

ಇನ್ನು ಪೆಟ್ರೋಲ್ ವಿಷಯ. ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಅದಕ್ಕೆ 14.7 ಅಲ್ಲ, ಸುಮಾರು 13.5 ಗಾಳಿ ಸಾಕು. ಆದರೆ ಮೀಟರಿಗೆ ಅದು ಗೊತ್ತಿಲ್ಲ, ಅದು ಅಳೆಯುವುದು ಲ್ಯಾಮ್ಡಾ (ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಪಾಲು ಅನ್ನುವ ಲೆಕ್ಕ), ತೋರಿಸುವಾಗ ಸುಮ್ನೆ 14.7ರಿಂದ ಗುಣಿಸುತ್ತದೆ. ಅದಕ್ಕೇ ಸೆಟ್ಟಿಂಗ್ ಲ್ಯಾಮ್ಡಾಕ್ಕೆ ಬದಲಿಸಿಕೊಂಡರೆ ಒಳ್ಳೆಯದು. ಯಾವ ಇಂಧನ ಇದ್ದರೂ 1 ಅಂದರೆ ಸರಿಯಾದ ಲೆಕ್ಕ, ಬೂಸ್ಟಿನಲ್ಲಿ 0.8 ಹತ್ತಿರ ಇದ್ದರೆ ಆಯಿತು. ನನ್ನ ಮೀಟರಿನಲ್ಲಿ ಆ ಸೆಟ್ಟಿಂಗ್ ಇದೆ, ಅದಕ್ಕೆ ಅರ್ಧ ಅಂಕ ಜಾಸ್ತಿ.

ಸ್ನೋಮೊಬೈಲಿನವರ ಜೆಟ್ ಲೆಕ್ಕ, ಬೂಸ್ಟ್ ಲೆಕ್ಕ ಎತ್ತಿಕೊಂಡು ಬರಬೇಡಿ. ಅಲ್ಲಿ ಮೈನಸ್ 20 ಡಿಗ್ರಿ, ನಮ್ಮಲ್ಲಿ ಏಪ್ರಿಲ್‌ನಲ್ಲಿ 40ರ ಹತ್ತಿರ. ಅದೇ ಒತ್ತಡದಲ್ಲಿ ಅಲ್ಲಿಯ ಗಾಳಿ ಕಾಲುಭಾಗದಷ್ಟು ಜಾಸ್ತಿ ದಟ್ಟ. ಅವರದು ಹೆಚ್ಚಾಗಿ ಟೂ ಸ್ಟ್ರೋಕ್ ಬೇರೆ, ಹೊಗೆಯ ಆಯಿಲ್ ಮಸಿಗೆ ಸೆನ್ಸರ್ ಬೇಗ ಹಾಳಾಗುತ್ತದೆ, ಅದಕ್ಕೆ ಹೊಗೆಯ ಬಿಸಿ ಅಳೆಯುವ ಇನ್ನೊಂದು ಮೀಟರನ್ನೂ ಇಟ್ಟುಕೊಂಡಿರುತ್ತಾರೆ. ನಮಗೆ ಭಯ ಇರುವುದು ನಾಕಿಂಗಿನದು, ಅಂದರೆ ಬಿಸಿಗೆ ಸಿಲಿಂಡರಿನೊಳಗಿನ ಮಿಶ್ರಣ ತಾನಾಗೇ ಸಿಡಿಯುವುದು. ಬಿಸಿ ಗಾಳಿ, ಅದರ ಮೇಲೆ ಟರ್ಬೊ ಮತ್ತೆ ಬಿಸಿ ಮಾಡಿದ ಗಾಳಿ. ನಾಕಿಂಗ್ ಬಂದರೆ ಈ ಮೀಟರ್ ತುಟಿ ಬಿಚ್ಚುವುದಿಲ್ಲ, 11.7 ಅಂತಲೇ ಕೂತಿರುತ್ತದೆ. ನಾನು ಕಿಡಿ ಹಾರುವ ಟೈಮಿಂಗ್ ನಾಲ್ಕು ಡಿಗ್ರಿ ಹಿಂದೆ ಇಟ್ಟಿದ್ದೇನೆ, ಮಧ್ಯಾಹ್ನ ಗಾಡಿ ಮುಟ್ಟುವುದಿಲ್ಲ, ಏನಿದ್ದರೂ ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ.

ತರಿಸುವವರು ಬರೀ ಡಬ್ಬಿಯ ಬೆಲೆ ನೋಡಬೇಡಿ, ಸೆನ್ಸರ್ ಬಿಡಿಯಾಗಿ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಅಂತ ಮೊದಲು ಕೇಳಿ. ಫ್ಯೂಸ್ ಎರಡು ಎಕ್ಸ್‌ಟ್ರಾ ಇಟ್ಟುಕೊಳ್ಳಿ. ಸದ್ಯಕ್ಕೆ ನನ್ನ ಮೀಟರ್ ನನ್ನ ಹತ್ತಿರ ಇಲ್ಲ. ಹೋದ ವಾರ ಚಾಚಾ ಫೋನ್ ಮಾಡಿ, "ತಮ್ಮಾ, ಆ ಡಬ್ಬಿ ಎಲ್‌ಪಿಜಿ ಆಟೋಗೆ ನಡೀತದಾ?" ಅಂದರು. ಲ್ಯಾಮ್ಡಾದಲ್ಲಿ ಓದಿದರೆ ನಡೆಯುತ್ತದೆ ಅಂದೆ, ಕೊಟ್ಟೆ. ಈಗಾಗಲೇ ಮೂರು ಆಟೋ ಮುಗಿದಿದೆಯಂತೆ, ನಾಲ್ಕನೆಯದು ಲೈನಿನಲ್ಲಿದೆಯಂತೆ.