ಪಿಕಪ್‌ಗೆ ಏರ್ ಬ್ಯಾಗ್ ಹಾಕಿಸಿದ್ರಾ? ಪೈಪಿನ ತುದಿ ನೋಡದೆ ಗಾಡಿ ಮನೆಗೆ ತರಬೇಡಿ

ಪಿಕಪ್ ಹಿಂದಿನ ಬ್ಲೇಡ್ ಸೆಟ್‌ಗೆ (ಲೋಡ್ ಹೊರುವ ಸ್ಪ್ರಿಂಗ್ ಪಟ್ಟಿಗಳು) ಆಸರೆಯಾಗಿ ಏರ್ ಬ್ಯಾಗ್, ಅಂದರೆ ಗಾಳಿ ತುಂಬುವ ರಬ್ಬರ್ ಚೀಲ ಹಾಕಿಸಬೇಕು ಅಂತಿರುವವರು ಇದನ್ನ ಪೂರ್ತಿ ಓದಿ. ನನಗೆ ಆಗಿದ್ದು ಇನ್ನೊಬ್ಬರಿಗೆ ಆಗೋದು ಬೇಡ.

ನಮ್ಮದು ತೀರ್ಥಹಳ್ಳಿ ಹತ್ತಿರ. ಅಡಿಕೆ ಕೊಯ್ಲು ಶುರುವಾದರೆ ಗಾಡಿಗೆ ಬಿಡುವಿಲ್ಲ. ತೋಟದಿಂದ ಗೊನೆ, ಆಮೇಲೆ ಶಿವಮೊಗ್ಗ ಮಂಡಿಗೆ ಮೂಟೆ. ಲೋಡ್ ಹಾಕಿದ ಕೂಡಲೇ ಹಿಂದೆ ಕೂತು, ಮುಂದಿನ ಲೈಟು ರಸ್ತೆ ಬಿಟ್ಟು ಮರದ ತುದಿಗೆ ಹೊಡೆಯುತ್ತಿತ್ತು. ಅದಕ್ಕೇ ಹಾಕಿಸಿದೆ.

ಫಿಟ್ ಮಾಡಿದವರು ಕಟಿಂಗ್ ಪ್ಲೇಯರ್‌ನಲ್ಲಿ ಬ್ಯಾಗಿಗೆ ಗಾಳಿ ಹೋಗುವ ಪೈಪನ್ನ ಚಕ್ ಅಂತ ಕತ್ತರಿಸಿ ತುರುಕಿದರು. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. 60 ಪಿಎಸ್‌ಐ ಗಾಳಿ ತುಂಬಿಸಿ ಕಳಿಸಿದರು. ಎರಡು ದಿನ ಬಿಟ್ಟು ನೋಡಿದರೆ 20. ಫೋನ್ ಮಾಡಿದೆ. "ಹೊಸದಲ್ವಾ ಸಾರ್, ಸೆಟ್ ಆಗುತ್ತೆ" ಅಂದರು. ನಂಬಿ, ಪಂಚರ್ ಅಂಗಡಿಯಲ್ಲಿ ಎರಡು ದಿನಕ್ಕೊಮ್ಮೆ ಗಾಳಿ ಹಾಕಿಸಿಕೊಂಡು ಓಡಾಡಿದೆ. ತಪ್ಪಾಗಿದ್ದೇ ಅಲ್ಲಿ. ಸೆಟ್ ಆಗೋದು ಅಂತ ಒಂದಿಲ್ಲ, ಹೊಸ ಬ್ಯಾಗ್ ಗಾಳಿ ಹಿಡಿದು ನಿಲ್ಲಲೇಬೇಕು.

ಒಂದು ಬೆಳಿಗ್ಗೆ ಇಬ್ಬನಿಯಲ್ಲಿ ಮೂಟೆ ಹಾಕಿಕೊಂಡು ಹೊರಟೆವು, ಗಾಳಿ ನೋಡಿರಲಿಲ್ಲ. ಮಂಡಗದ್ದೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಗಾಡಿ ಹೊರಗಡೆಗೆ ಎಷ್ಟು ವಾಲಿತು ಅಂದರೆ ಪಕ್ಕದಲ್ಲಿದ್ದ ಭಾವ ಹಿಡಿಕೆ ಹಿಡಿದು "ಏ ಮಾರಾಯ, ನಿಲ್ಸು ನಿಲ್ಸು" ಅಂತ ಕೂಗಿದರು. ಒಂದು ಕಡೆ ತುಂಗಾ ಹೊಳೆ ಬೇರೆ. ಇಳಿದು ಬಗ್ಗಿ ನೋಡಿದರೆ ಎಡಗಡೆ ಬ್ಯಾಗ್ ರೊಟ್ಟಿ ಥರ ಚಪ್ಪಟೆಯಾಗಿ, ಮೇಲಿನ ಪ್ಲೇಟಿಗೂ ಕೆಳಗಿನ ಪ್ಲೇಟಿಗೂ ನಡುವೆ ಸಿಕ್ಕಿ, ಮಡಿಕೆ ಬಿದ್ದ ಕಡೆ ಬೆರಳು ತೂರುವಷ್ಟು ಹರಿದಿತ್ತು. ಗಾಳಿ ಇಲ್ಲದ ಬ್ಯಾಗ್ ಮೇಲೆ ಲೋಡ್ ಕೂತರೆ ಆಗೋದೇ ಹೀಗೆ. ಖಾಲಿ ಗಾಡಿಯಲ್ಲೂ ಕನಿಷ್ಠ 5 ಪಿಎಸ್‌ಐ ಇರಲೇಬೇಕು ಅಂತ ಕಿಟ್ ಜೊತೆ ಬಂದ ಪುಸ್ತಕದಲ್ಲೇ ಬರೆದಿತ್ತು.

ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದಾಗ ಪೈಪಿನ ತುದಿ ಕೈಗೆ ಬಂತು. ಓರೆಯಾಗಿ ಕತ್ತರಿಸಿ, ಪ್ಲೇಯರ್ ಅಮುಕಿದ್ದಕ್ಕೆ ದುಂಡಗಿರಬೇಕಾದ್ದು ಮೊಟ್ಟೆ ಆಕಾರ ಆಗಿತ್ತು. ಮೇಲೆ ಉದ್ದಕ್ಕೆ ಒಂದು ಗೀರು. ಈ ಒತ್ತಿ ಕೂರಿಸುವ ಫಿಟ್ಟಿಂಗ್ ಒಳಗೆ ಓ ರಿಂಗ್ ಅಂತ ಒಂದು ಸಣ್ಣ ರಬ್ಬರ್ ಬಳೆ ಇರುತ್ತೆ, ಅದು ಪೈಪಿನ ಹೊರಮೈಯನ್ನ ಸುತ್ತ ಹಿಡಿದರೆ ಮಾತ್ರ ಗಾಳಿ ನಿಲ್ಲೋದು. ಒಂದು ಗೀರು ಸಾಕು, ಸೋರುತ್ತೆ. ಪೈಪನ್ನ ಹೊಸ ಕಟರ್ ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಿ, ತಳ ಮುಟ್ಟುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆ ಎಳೆದು ನೋಡಬೇಕು. ಬಿಚ್ಚಿ ಮತ್ತೆ ಹಾಕುವುದಾದರೆ ಹಳೇ ತುದಿ ಕತ್ತರಿಸಿ ಎಸೆದುಬಿಡಿ. ಫಿಟ್ಟಿಂಗ್ ಬಾಯಲ್ಲೇ ಪೈಪು ಬಾಗಿದ್ದರೂ ಓ ರಿಂಗ್ ಒಂದು ಕಡೆಗೆ ಎಳೆದುಕೊಂಡು ಸೋರುತ್ತೆ, ಅಲ್ಲಿ ಸ್ವಲ್ಪ ದೂರ ನೇರವಾಗಿರಲಿ.

ಇನ್ನೊಂದು ತಪ್ಪೂ ಸಿಕ್ಕಿತು. ಎರಡು ಬ್ಯಾಗಿನ ಪೈಪನ್ನೂ T ಆಕಾರದ ಫಿಟ್ಟಿಂಗ್‌ನಲ್ಲಿ ಸೇರಿಸಿ, ಗಾಳಿ ತುಂಬಲು ಒಂದೇ ವಾಲ್ವ್ ಕೊಟ್ಟಿದ್ದರು. ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡಿ ವಾಲುವುದು ಜಾಸ್ತಿಯಾಗುತ್ತೆ, ಒಂದು ಕಡೆ ಸೋರಿದರೆ ಎರಡೂ ಖಾಲಿ. ನಮ್ಮ ರಸ್ತೆಗಳಿಗೆ ಎರಡು ವಾಲ್ವ್ ಬೇರೆ ಬೇರೆಯೇ ಬೇಕು. ಪೈಪು ಸೈಲೆನ್ಸರ್‌ನಿಂದ ಅರ್ಧ ಅಡಿಯಾದರೂ ದೂರ ಇರಲಿ, ಚಾಸಿಯ ಚೂಪು ಅಂಚಿಗೆ ಉಜ್ಜದ ಹಾಗೆ ಕಟ್ಟಿಸಿ, ಕಟ್ಟುವ ಪ್ಲಾಸ್ಟಿಕ್ ಟ್ಯಾಗ್ ತೀರಾ ಬಿಗಿದು ಪೈಪು ಚಪ್ಪಟೆ ಮಾಡಿಸಬೇಡಿ. ಥ್ರೆಡ್ ಮೇಲೆ ಕಂಪನಿಯವರೇ ಅಂಟು ಬಳಿದಿದ್ದರೆ ಟೆಫ್ಲಾನ್ ಟೇಪ್ ಸುತ್ತುವುದು ಬೇಡ, ಅದರ ಚೂರು ಒಳಗೆ ಹೋಗಿ ವಾಲ್ವ್ ಪಿನ್‌ಗೆ ಸಿಕ್ಕಿದರೆ ಅಲ್ಲಿಂದಲೇ ಸೋರಲು ಶುರು.

ಗಾಳಿ ತುಂಬಿಸಿದ ಮೇಲೆ ಪಾತ್ರೆ ತೊಳೆಯುವ ಸೋಪನ್ನ ನೀರಲ್ಲಿ ಕದಡಿ, ಬ್ರಷ್‌ನಲ್ಲಿ ಪ್ರತಿ ಫಿಟ್ಟಿಂಗ್‌ಗೂ ವಾಲ್ವಿಗೂ ಹಚ್ಚಿಸಿ. ಒಂದು ನಿಮಿಷ ಅಲ್ಲೇ ನಿಂತು ನೋಡಿ, ಸಣ್ಣ ಸೋರಿಕೆಯಾದರೆ ಗುಳ್ಳೆ ಸಾಸಿವೆ ಕಾಳಿನಷ್ಟೇ ಇರುತ್ತೆ, ನಿಧಾನಕ್ಕೆ ಏಳುತ್ತೆ. ಆಮೇಲೆ ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಅಳೆಯಿರಿ. ಬ್ಯಾಗಿನಲ್ಲಿ ಇರುವ ಗಾಳಿಯೇ ಸ್ವಲ್ಪ, ಗೇಜ್ ಒತ್ತಿದಾಗಲೇ ಒಂದೆರಡು ಪಿಎಸ್‌ಐ ಹೋಗುತ್ತೆ, ಅದಕ್ಕೆ ಗಾಬರಿ ಬೇಡ. ಹತ್ತು ಇಳಿದಿದ್ದರೆ ಮಾತ್ರ ವಾಪಸ್ ಗ್ಯಾರೇಜಿಗೇ ಹೋಗಿ, ಪಂಚರ್ ಅಂಗಡಿಗಲ್ಲ.

ಬ್ಯಾಗ್ ಹಾಕಿಸಿದರೆ ಜಾಸ್ತಿ ಲೋಡ್ ಹೊರಬಹುದು ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಹಿಂದೆ ಕೂರುವುದು ಕಡಿಮೆಯಾಗುತ್ತೆ ಅಷ್ಟೆ. ಹಿಂದಿನ ಆಕ್ಸಲ್ ಹೌಸಿಂಗು, ಟೈರು, ಬ್ರೇಕು ಎಲ್ಲ ಮೊದಲಿದ್ದವೇ ಅಲ್ವಾ.