ಮೃದ್ವಸ್ಥಿಯ ಸ್ಕ್ಯಾಫೋಲ್ಡ್‌ಗೆ ದುಬಾರಿ ಯಂತ್ರಕ್ಕಿಂತ ಉಪ್ಪೇ ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಉಪ್ಪಿಗೆ. ಮೊಣಕಾಲಿನ ಮೃದ್ವಸ್ಥಿ ಸವೆದ ಜಾಗದಲ್ಲಿ ಜೀವಕೋಶಗಳಿಗೆ ನೆಲೆಯಾಗುವ ಸ್ಕ್ಯಾಫೋಲ್ಡ್ ತಯಾರಿಸಲೆಂದು ನಮ್ಮ ಪ್ರಯೋಗಾಲಯ ವಿದ್ಯುತ್ತಿನಿಂದ ಅತಿ ತೆಳು ಎಳೆ ನೂಲುವ ಎಲೆಕ್ಟ್ರೋಸ್ಪಿನ್ನಿಂಗ್ ಯಂತ್ರ ಕೊಂಡಿತು. ಉಪಕರಣಕ್ಕೆ ಮಂಜೂರಾಗಿದ್ದ ಹಣವೆಲ್ಲ ಅದಕ್ಕೇ ಹೋಯಿತು. ಈಗ ನನ್ನ ಕೆಲಸ ಸಾಗುತ್ತಿರುವುದು ಒಂದು ಜರಡಿ, ಒಂದಿಷ್ಟು ಸೋಡಿಯಂ ಕ್ಲೋರೈಡ್ ಮತ್ತು ರಾಮನಗರದ ರೇಷ್ಮೆಗೂಡುಗಳಿಂದ.

ಯಂತ್ರದ ತತ್ವದಲ್ಲಿ ದೋಷವಿಲ್ಲ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರನ್ನು ಕ್ಲೋರೋಫಾರ್ಮ್ ಬೆರೆತ ದ್ರಾವಕದಲ್ಲಿ ಕರಗಿಸಿ ಸಿರಿಂಜಿಗೆ ತುಂಬಬೇಕು. ಸೂಜಿಗೆ 15 ಕಿಲೋವೋಲ್ಟ್ ಕೊಟ್ಟರೆ ತುದಿಯ ಹನಿ ಚೂಪಾಗಿ, ಒಂದು ಮೈಕ್ರಾನ್‌ಗೂ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳುವಾದ ಎಳೆಯಾಗಿ ಚಿಮ್ಮಿ ಎದುರಿನ ಫಾಯಿಲ್ ಮೇಲೆ ಬೀಳುತ್ತದೆ. ನೋಡಲು ಸೊಗಸು.

ಆದರೆ ನಾವಿರುವುದು ಕರಾವಳಿಯಲ್ಲಿ. ಆಟಿ ತಿಂಗಳ ಮಳೆಯಲ್ಲಿ ಗಾಳಿಯ ತೇವಾಂಶ ಶೇ. 80 ದಾಟುತ್ತದೆ. ತೇವದ ಗಾಳಿಯಲ್ಲಿ ವಿದ್ಯುದಾವೇಶ ಸೋರಿಹೋಗುತ್ತದೆ, ಎಳೆ ಫಾಯಿಲ್ ಮುಟ್ಟುವ ಮೊದಲೇ ಸೊರಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಯವಾದ ನೂಲಿನ ಬದಲು ಮೈತುಂಬ ತೂತು, ನಡುನಡುವೆ ಗಂಟು. ಕಂಪನಿಯ ಎಂಜಿನಿಯರ್ ಕೊಟ್ಟ ಸಲಹೆ: “ಏಸಿ ಹಾಕಿಕೊಳ್ಳಿ.” ಏಸಿ ಹಾಕಿದೆವು, ತೇವ ಹೀರುವ ಯಂತ್ರವನ್ನೂ ಇಟ್ಟೆವು. ಕ್ಲೋರೋಫಾರ್ಮ್ ಆವಿ ಕುಡಿಯುತ್ತ ಕೂರಲಾಗದು, ಆದ್ದರಿಂದ ಯಂತ್ರದ ಪೆಟ್ಟಿಗೆಯಿಂದ ಗಾಳಿ ಹೊರಹಾಕುವ ಫ್ಯಾನ್ ಓಡಲೇಬೇಕು. ಆ ಫ್ಯಾನ್ ಒಣಗಿಸಿದ ಗಾಳಿಯನ್ನೆಲ್ಲ ಹೊರಗೆ ದೂಡುತ್ತದೆ, ಬಾಗಿಲ ಸಂದಿಯಿಂದ ಮಳೆಗಾಳಿ ಒಳಗೆ ನುಗ್ಗುತ್ತದೆ. ಫ್ಯಾನ್ ನಿಲ್ಲಿಸಿದರೆ ತಲೆಸುತ್ತು, ಓಡಿಸಿದರೆ ಗಂಟು.

ಬೇಸಿಗೆಯಲ್ಲಿ, ಏಸಿಯ ಒಣ ಗಾಳಿಯಲ್ಲಿ, ಇದರ ತದ್ವಿರುದ್ಧ. ಕ್ಲೋರೋಫಾರ್ಮ್ ಬೇಗ ಆರಿ ಸೂಜಿಯ ತುದಿಯಲ್ಲೇ ಪಾಲಿಮರ್ ಹೆಪ್ಪುಗಟ್ಟುತ್ತದೆ. ಗಳಿಗೆಗೊಮ್ಮೆ ವಿದ್ಯುತ್ ಆರಿಸಿ, ತುದಿ ಒರೆಸಿ, ಮತ್ತೆ ಶುರು. ತೇವಾಂಶ ನಿಯಂತ್ರಿಸುವ ಕೋಣೆ ಬೇಕೆಂದರೆ ಬೇರೆ ಬೆಲೆಯಂತೆ! ಖರೀದಿಯ ದರಪಟ್ಟಿಯಲ್ಲಿ ಅದರ ಸುಳಿವೇ ಇರಲಿಲ್ಲ.

ಇಷ್ಟೆಲ್ಲ ಪಾಡುಪಟ್ಟು ತೆಗೆದ ಹಾಳೆ ಎಷ್ಟು ದಪ್ಪ? ಮಿಲಿಮೀಟರಿನ ಒಂದು ಸಣ್ಣ ಪಾಲು. ಮನುಷ್ಯನ ಮೊಣಕಾಲಿನ ಮೃದ್ವಸ್ಥಿ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್. ಎಳೆಗಳ ನಡುವಿನ ಸಂದು ಕೆಲವೇ ಮೈಕ್ರಾನ್, ಮೃದ್ವಸ್ಥಿಯ ಜೀವಕೋಶವೋ ಹತ್ತು ಮೈಕ್ರಾನ್‌ನ ಆಸುಪಾಸು. ಆಡಿನ ಕೀಲಿನಿಂದ ತೆಗೆದ ಕೋಶಗಳನ್ನು ಬಿತ್ತಿ, ಅಡ್ಡ ಕೊಯ್ದು ಬಣ್ಣ ಹಾಕಿ ನೋಡಿದರೆ, ಎಲ್ಲವೂ ಚಾಪೆಯ ಮೇಲೆ ಸಾಲಾಗಿ ಮಲಗಿದವರಂತೆ ಮೇಲ್ಪದರದಲ್ಲೇ ಇದ್ದವು.

ಬೇರೆ ದಾರಿಗಳೂ ಇವೆ. ಶೀತಲ ಒಣಗಿಸುವಿಕೆ ಉತ್ತಮ ವಿಧಾನವೇ. ರೇಷ್ಮೆ ನೂಲಿನ ಪ್ರೋಟೀನಾದ ಫೈಬ್ರೋಯಿನ್‌ನ ದ್ರಾವಣವನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಮಂಜುಗಡ್ಡೆಯನ್ನು ನೇರ ಆವಿಯಾಗಿಸಿದರೆ ಸ್ಪಂಜು ಉಳಿಯುತ್ತದೆ. ನಿಧಾನವಾಗಿ ತಣಿಸಿದರೆ ದೊಡ್ಡ ರಂಧ್ರ, ಬೇಗ ತಣಿಸಿದರೆ ಸಣ್ಣ ರಂಧ್ರ. ನಡುರಾತ್ರಿ ಕರೆಂಟು ಹೋದರೆ ಮಾತ್ರ ಮಂಜು ಕರಗಿ ಬೆಳಿಗ್ಗೆ ಸಿಗುವುದು ಸುಕ್ಕುಗಟ್ಟಿದ ಹೊಪ್ಪಳೆ. ಜನರೇಟರ್ ಹತ್ತಿಕೊಂಡರೂ ನಿರ್ವಾತದ ಪಂಪನ್ನು ಯಾರಾದರೂ ಎದ್ದುಬಂದು ಒತ್ತಬೇಕು.

ಮೂರು ಆಯಾಮದ ಮುದ್ರಣ: ಆಕಾರ ಅಚ್ಚುಕಟ್ಟು, ಆದರೆ ಬಿತ್ತಿದ ಕೋಶಗಳು ಅಗಲವಾದ ಸಂದುಗಳಿಂದ ತಟ್ಟೆಯ ತಳಕ್ಕೆ ಜಾರುತ್ತವೆ.

ಇನ್ನು ಉಪ್ಪು. ಗೂಡನ್ನು ಕತ್ತರಿಸಿ ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಸೆರಿಸಿನ್ ಎಂಬ ಅಂಟು ಬಿಡುತ್ತದೆ. ಉಳಿದ ನೂಲನ್ನು ಕರಗಿಸಲು ಲಿಥಿಯಂ ಬ್ರೋಮೈಡ್ ದುಬಾರಿ. ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರು 1:2:8 ಮೋಲ್ ಪ್ರಮಾಣದಲ್ಲಿ ಬೆರೆಸಿದರೂ ಕರಗುತ್ತದೆ, ಜೇಬಿಗೂ ಹಗುರ. ಡಯಾಲಿಸಿಸ್ ಮಾಡಿ, ಅಂದರೆ ಪೊರೆಯ ಚೀಲದಲ್ಲಿಟ್ಟು ಆ ಲವಣವನ್ನು ನೀರಿಗೆ ಬಿಡಿಸಿ, ಉಳಿದ ಶೇ. 6–8ರ ಫೈಬ್ರೋಯಿನ್ ದ್ರಾವಣ 2 ಮಿಲಿಲೀಟರ್‌ಗೆ ಸುಮಾರು 4 ಗ್ರಾಂ ಉಪ್ಪಿನ ಹರಳನ್ನು ನಿಧಾನವಾಗಿ ಉದುರಿಸಿ ಮುಚ್ಚಿಡುತ್ತೇನೆ. ಉಪ್ಪೇ ಪ್ರೋಟೀನನ್ನು ಗಟ್ಟಿಮಾಡುತ್ತದೆ. ಒಂದೆರಡು ದಿನ ಬಿಟ್ಟು ನೀರಿಗೆ ಹಾಕಿದರೆ ಹರಳು ಕರಗಿ ರಂಧ್ರ ಉಳಿಯುತ್ತದೆ. ಬೇಕಾದ ರಂಧ್ರದ ಅಳತೆಗೆ ಜರಡಿ ಬದಲಿಸಿದರಾಯಿತು. ಮಳೆಗಾಲದಲ್ಲಿ ಉಪ್ಪೂ ಮುದ್ದೆಗಟ್ಟುತ್ತದೆ, ನಿಜ. ಓವನ್‌ನಲ್ಲಿ ಒಣಗಿಸಿ ಬಿಸಿಯಿರುವಾಗಲೇ ಜರಡಿ ಹಿಡಿದರೆ ಆ ರಗಳೆ ಮುಗಿಯಿತು.

ತೊಳೆಯುವುದರಲ್ಲಿ ಸೋಮಾರಿತನ ಸಲ್ಲದು. ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟಾಗ ಬೆಳ್ಳಗಾದರೆ ಒಳಗೆ ಇನ್ನೂ ಉಪ್ಪಿದೆ ಎಂದರ್ಥ. ಉಪ್ಪು ಹೆಚ್ಚಾದರೆ ಕೋಶ ಬದುಕುವುದಿಲ್ಲ.

ನನ್ನನ್ನು ಪೂರ್ತಿ ಗೆದ್ದದ್ದು ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲುವ ಆಟೋಕ್ಲೇವ್. ರೇಷ್ಮೆಯ ಸ್ಪಂಜು 121 ಡಿಗ್ರಿ ತಾಳಿಕೊಳ್ಳುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್ 60 ಡಿಗ್ರಿಗೇ ಕರಗುತ್ತದೆ, ಅದನ್ನು ಎಥನಾಲ್‌ನಲ್ಲಿ ನೆನೆಸಿ, ನೇರಳಾತೀತ ಬೆಳಕಿಗೆ ಒಡ್ಡಿ, ಆಮೇಲೂ ಸೋಂಕಾದೀತೆಂಬ ಅಂಜಿಕೆಯಲ್ಲೇ ಇರಬೇಕು.

ಯಂತ್ರದ ಪಕ್ಕ ದಿನವಿಡೀ ಕಾವಲು ಕೂರುವ ತಾಳ್ಮೆ ಇರುವವರು, ತೇವಾಂಶದ ಕೋಣೆಗೂ ಸೇರಿಸಿ ಅನುದಾನ ಪಡೆದವರು ಬೇರೆ ಮಾತು ಹೇಳಬಹುದು. ಸಂಜೆ ಉಪ್ಪು ಸುರಿದು ಮನೆಗೆ ಹೋಗುವವನು ನಾನು. ಎಲೆಕ್ಟ್ರೋಸ್ಪಿನ್ನಿಂಗ್ ಯಂತ್ರವನ್ನು ಈಗ ಗಾಯದ ಪಟ್ಟಿಯ ಮೇಲೆ ಸಂಶೋಧನೆ ಮಾಡುವ ಸಹೋದ್ಯೋಗಿ ಬಳಸುತ್ತಿದ್ದಾರೆ. ಅವರಿಗೆ ತೆಳು ಹಾಳೆಯೇ ಬೇಕು, ಮತ್ತು ಅವರು ಕೆಲಸವನ್ನೆಲ್ಲ ನವೆಂಬರ್ ಬಳಿಕವೇ ಇಟ್ಟುಕೊಳ್ಳುತ್ತಾರೆ.